ಪುಟಾಣಿಗಳಿಗೆ ಗ್ರಂಥಾಲಯದಲ್ಲಿ ಕಥೆ ಸಮಯ: ಶುರು ಮಾಡುವುದು ಹೇಗೆ, ನಡೆಸಿಕೊಂಡು ಹೋಗುವುದು ಹೇಗೆ

ವಾರಕ್ಕೊಮ್ಮೆ ಅರ್ಧ ಗಂಟೆ. ಎರಡು ಚಾಪೆ, ಒಂದು ಪುಸ್ತಕ, ಓದಿ ಹೇಳುವವರು ಒಬ್ಬರು. ಇಷ್ಟಿದ್ದರೆ ನಿಮ್ಮೂರಿನ ಗ್ರಂಥಾಲಯದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಕಥೆ ಸಮಯ ಶುರು ಮಾಡಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಅಂಗನವಾಡಿ ಕಾರ್ಯಕರ್ತೆಯರು, ಊರಿನ ಮಕ್ಕಳಿಗೆ ಏನಾದರೂ ಮಾಡಬೇಕು ಅಂದುಕೊಂಡಿರುವ ಯುವಕ ಯುವತಿಯರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಗರದ ಶಾಖಾ ಗ್ರಂಥಾಲಯದಲ್ಲೂ ಇದೇ ಕ್ರಮ ಸಾಕು.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಇವುಗಳನ್ನು ‘ಅರಿವು ಕೇಂದ್ರ’ ಎಂದೂ ಕರೆಯುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಪತ್ರಿಕೆ ಓದುವ ಹಿರಿಯರ ಜಾಗವಾಗಿದ್ದ ಎಷ್ಟೋ ಕೋಣೆಗಳಿಗೆ ಮಕ್ಕಳು ಬರತೊಡಗಿದರು. ತುಂಬಾ ಒಳ್ಳೆಯ ಕೆಲಸ. ಆದರೆ ಆರು ವರ್ಷಕ್ಕಿಂತ ಚಿಕ್ಕವರು ಈ ಲೆಕ್ಕದ ಹೊರಗೇ ಉಳಿದರು. ಅಕ್ಕನ ಬೆರಳು ಹಿಡಿದು ಬಂದು ಬಾಗಿಲ ಹತ್ತಿರ ನಿಂತು ನೋಡುವ ಮಕ್ಕಳು ಇವರು. ಓದಿಗೆ ಅಡಿಪಾಯ ಬೀಳುವುದು ಇವರ ವಯಸ್ಸಿನಲ್ಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಥೆ ಸಮಯದಲ್ಲಿ ಸ್ಲೇಟು ಬೇಡ, ಅ ಆ ಇ ಈ ತಿದ್ದಿಸುವುದು ಬೇಡ. ಓದು ಮೊದಲು ಕಿವಿಯಲ್ಲಿ ಮತ್ತು ಬಾಯಲ್ಲಿ ಬೆಳೆಯುತ್ತದೆ, ಕಣ್ಣಿಗೆ ಬರುವುದು ಆಮೇಲೆ. ಆ ಅರ್ಧ ಗಂಟೆಯಲ್ಲಿ ಮಕ್ಕಳು ಎಷ್ಟು ಮಾತಾಡಿದರು ಅನ್ನುವುದೇ ನಮ್ಮ ಅಳತೆಗೋಲು. ಮುಂದೆ ಹೇಳುವ ಪ್ರತಿ ಹಂತವೂ ಮಕ್ಕಳನ್ನು ಮಾತಾಡಿಸುವುದಕ್ಕಾಗಿಯೇ ಇದೆ.

ಅಕ್ಷರಕ್ಕೂ ಮುಂಚೆ ಏನು ಬೆಳೆಯಬೇಕು?

ಪದಗಳು ಬೆಳೆಯಬೇಕು. ‘ಬಿಲ’ ಅನ್ನುವ ಮಾತನ್ನು ಕೇಳಿಯೇ ಇಲ್ಲದ ಮಗು ಮುಂದೆ ‘ಬಿ’ ಮತ್ತು ‘ಲ’ ಕೂಡಿಸಿ ಓದಿದರೂ ಅದಕ್ಕೆ ಏನೂ ಸಿಗುವುದಿಲ್ಲ. ಕಥೆಯಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹಿಡಿದಿಟ್ಟುಕೊಳ್ಳುವುದು ಬರಬೇಕು. ಪುಸ್ತಕದ ಮುಂಭಾಗ ಯಾವುದು, ಹಾಳೆ ಯಾವ ಕಡೆಗೆ ತಿರುಗುತ್ತದೆ, ಓದುವವರು ಚಿತ್ರ ನೋಡಿ ಹೇಳುತ್ತಿಲ್ಲ, ಆ ಕಪ್ಪು ಗುರುತುಗಳನ್ನು ನೋಡಿ ಹೇಳುತ್ತಿದ್ದಾರೆ ಅನ್ನುವುದು ತಿಳಿಯಬೇಕು. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ.

ಇನ್ನೊಂದು, ಮಾತಿನೊಳಗಿನ ಸದ್ದಿನ ತುಂಡುಗಳು ಕೇಳಿಸಬೇಕು. ‘ಇರುವೆ’ಯಲ್ಲಿ ಮೂರು ತುಂಡು: ಇ, ರು, ವೆ. ಕನ್ನಡದ ಬರಹ ನಿಂತಿರುವುದೇ ಇಂಥ ತುಂಡುಗಳ ಮೇಲೆ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿಗಳು ಕಂಡವು. ರು, ವೆ ಎಂಬಂಥ ಇಡೀ ತುಂಡುಗಳು ಮಕ್ಕಳಿಗೆ ಬೇಗ ಕೇಳಿಸುತ್ತವೆ. ‘ರು’ವಿನೊಳಗೆ ರ್ ಮತ್ತು ಉ ಇವೆ ಅನ್ನುವುದು ಹೊಳೆಯಲು ತುಂಬಾ ಹೊತ್ತು ಬೇಕು. ಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದ ಅಕ್ಷರಗಳು ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ. ಎಲ್ಕೆಜಿಯಲ್ಲೇ ಎಲ್ಲ ಬರೆಯಲಿ ಎಂದು ಅವಸರ ಮಾಡುವ ತಂದೆ ತಾಯಿಗೆ ಈ ವಿಷಯ ದಯವಿಟ್ಟು ಹೇಳಿ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯಲ್ಲೂ ಅಕ್ಷರ ಕಲಿಕೆ ಅ ಆ ಇ ಈ ಕ್ರಮದಲ್ಲಿ ಶುರುವಾಗುವುದಿಲ್ಲ. ಅಲ್ಲಿ ಮೊದಲು ಬರುವುದು ರ ಗ ಸ ದ ಅ.

ಮೊದಲ ಹಂತ: ಜನ, ದಿನ, ಜಾಗ

ಮೊದಲು ಅಂಗನವಾಡಿ ಟೀಚರ್ ಹತ್ತಿರ ಮಾತಾಡಿ. ಊರಿನ ಯಾವ ಮನೆಯಲ್ಲಿ ಎಷ್ಟು ವರ್ಷದ ಮಗುವಿದೆ ಎಂದು ಅವರಿಗೆ ಗೊತ್ತು. ಅವರ ಮೇಲೆ ಈಗಾಗಲೇ ನೂರೆಂಟು ಕೆಲಸಗಳ ಹೊರೆ ಇದೆ. ಹಾಗಾಗಿ ‘ನೀವು ಮಾಡಿ’ ಎಂದು ಹೋಗಬೇಡಿ. ‘ಮಕ್ಕಳನ್ನು ಕಳಿಸಿಕೊಡಿ ಮೇಡಂ, ಕಥೆ ನಾವು ಓದುತ್ತೇವೆ’ ಎಂದು ಹೋಗಿ. ಅಂಗನವಾಡಿಯಿಂದ ಗ್ರಂಥಾಲಯ ದೂರವಿದ್ದರೆ ನೀವೇ ಪುಸ್ತಕ ಹಿಡಿದು ಅಲ್ಲಿಗೆ ಹೋಗಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ ಒಂದು ಮಾತು ಹೇಳಿಡಿ. ಚಾಪೆ, ಬಣ್ಣದ ಕಡ್ಡಿ, ಡ್ರಾಯಿಂಗ್ ಹಾಳೆಗೆ ಆಮೇಲೆ ಅವರ ಸಹಾಯ ಬೇಕಾಗುತ್ತದೆ.

ದಿನ ಮತ್ತು ಗಂಟೆ ಬದಲಾಗಬಾರದು. ಸಂತೆಯ ದಿನ ಬಿಟ್ಟು ಬೇರೆ ದಿನ ಆರಿಸಿ. ಬೆಳಗ್ಗೆ ಹೊತ್ತು ಒಳ್ಳೆಯದು. ಊಟವಾದ ಮೇಲೆ ಈ ವಯಸ್ಸಿನವರಿಗೆ ಕಣ್ಣು ಎಳೆಯುತ್ತದೆ. ಹನ್ನೆರಡು ಹದಿನೈದು ಮಕ್ಕಳು ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಿಂದೆ ಕೂತವರಿಗೆ ಚಿತ್ರ ಕಾಣುವುದಿಲ್ಲ, ಎಲ್ಲರಿಗೂ ಮಾತಾಡುವ ಸರದಿ ಬರುವುದಿಲ್ಲ. ಆಗ ಎರಡು ಗುಂಪು ಮಾಡಿ.

ಮಕ್ಕಳನ್ನು ಅರ್ಧ ಚಂದ್ರಾಕಾರದಲ್ಲಿ ಕೂರಿಸಿ. ಕಿಟಕಿ ಅವರ ಬೆನ್ನ ಹಿಂದೆ ಇರಲಿ, ಬೆಳಕು ಪುಸ್ತಕದ ಮೇಲೆ ಬೀಳುತ್ತದೆ. ನೀವು ಚಿಕ್ಕ ಸ್ಟೂಲ್ ಮೇಲೆ ಕೂರಿ, ಪುಸ್ತಕ ಅವರ ಕಣ್ಣಿನ ಎತ್ತರಕ್ಕೆ ಬರಬೇಕು. ಟಿವಿ, ಕಂಪ್ಯೂಟರ್ ಇದ್ದರೆ ಆ ಅರ್ಧ ಗಂಟೆ ಆಫ್ ಮಾಡಿ. ಮಕ್ಕಳ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ. ಗೋಡೆಗೆ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ಅವರ ಕೈಗೆ ಎಟುಕುವಷ್ಟು ಕೆಳಗೆ ತೂಗು ಹಾಕಿ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಪುಸ್ತಕ ಎಷ್ಟೇ ಹೊಸದಾಗಿದ್ದರೂ ಮಗುವಿಗೆ ಅದು ಇಲ್ಲದ ಹಾಗೆಯೇ. ಒಂದೆರಡು ಹಾಳೆ ಹರಿಯುತ್ತವೆ, ಹರಿಯಲಿ. ಅಂಟಿಸಲು ಟೇಪು ಇಟ್ಟುಕೊಳ್ಳಿ.

ಎರಡನೇ ಹಂತ: ಪುಸ್ತಕ ಆರಿಸುವುದು

ಚಿತ್ರ ದೊಡ್ಡದಿರಬೇಕು. ಪುಟಕ್ಕೆ ಒಂದೆರಡು ಸಾಲು ಸಾಕು. ಮತ್ತೆ ಮತ್ತೆ ಬರುವ ಮಾತೊಂದು ಇದ್ದರೆ ತುಂಬಾ ಒಳ್ಳೆಯದು, ಮಕ್ಕಳು ಎರಡನೇ ಪುಟಕ್ಕೇ ದನಿಗೂಡಿಸುತ್ತಾರೆ. ಕೊನೆಯ ಪುಟದಲ್ಲಿ ನೀತಿ ಹೇಳುವ ಕಥೆಗಳನ್ನು ನಾನು ಆರಿಸುವುದಿಲ್ಲ. ‘ಇದರಿಂದ ನಾವೇನು ಕಲಿತೆವು?’ ಎಂದು ಕೇಳಿದ ಕೂಡಲೇ ಮಕ್ಕಳು ಕಥೆಯಿಂದ ಆಚೆ ಬಂದು ಕೈಕಟ್ಟಿ ಕೂರುತ್ತಾರೆ.

ಪುಸ್ತಕ ಎಲ್ಲಿ ಸಿಗುತ್ತದೆ? 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡ ಚಿತ್ರಪುಸ್ತಕ ತರುತ್ತದೆ. ಅವರದೇ ಸ್ಟೋರಿವೀವರ್ ಜಾಲತಾಣ 2015ರಿಂದ ಇದೆ. ಅಲ್ಲಿ ಕನ್ನಡದ ಕಥೆಗಳನ್ನು ದುಡ್ಡು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಲೂ ಅನುಮತಿ ಇದೆ. ಕಥೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ, ನಮ್ಮ ಪುಟಾಣಿಗಳಿಗೆ ಒಂದನೇ ಮಟ್ಟ ನೋಡಿ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು, ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ-ಇಂಗ್ಲಿಷ್ ಜೋಡಿ ಪುಸ್ತಕಗಳೂ ಚೆನ್ನಾಗಿವೆ.

ಪುಸ್ತಕ ಚಿಕ್ಕದಾಗಿದ್ದರೆ ದೊಡ್ಡದು ಮಾಡಿಕೊಳ್ಳಿ. ಹಳೇ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಖಾಲಿ ಇರುತ್ತದೆ, ಅಲ್ವಾ? ಅದರ ಮೇಲೆ ಚಿತ್ರ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆದು, ಮೇಲ್ಗಡೆ ಹೊಲಿದರೆ ದೊಡ್ಡ ಪುಸ್ತಕ ತಯಾರು. ಚಿತ್ರ ಬರೆಯುವ ಕೆಲಸ ಹೈಸ್ಕೂಲ್ ಮಕ್ಕಳಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ.

ಮುಂದಿನ ಹಂತಗಳನ್ನು ವಿವರಿಸಲು ಪುಟ್ಟ ಕಥೆಯೊಂದನ್ನು ಕಟ್ಟಿದ್ದೇನೆ. ನೀವೂ ಬಳಸಬಹುದು. ಮಂಗಕ್ಕೆ ದಾರಿಯಲ್ಲಿ ಕೆಂಪು ಕೊಡೆ ಸಿಗುತ್ತದೆ. ‘ಈ ಕೊಡೆ ನಿಂದಾ?’ ಎಂದು ಕೋಳಿಯನ್ನು ಕೇಳುತ್ತದೆ. ‘ನಂದಲ್ಲಪ್ಪಾ ನಂದಲ್ಲ!’ ಅನ್ನುತ್ತದೆ ಕೋಳಿ. ಮೊಲವೂ ಹಾಗೇ ಹೇಳುತ್ತದೆ, ಹಸುವೂ ಹಾಗೇ ಹೇಳುತ್ತದೆ, ಆನೆಯೂ ಹಾಗೇ ಹೇಳುತ್ತದೆ. ಅಷ್ಟರಲ್ಲಿ ಮೋಡ ಕವಿದು ಮಳೆ ಬರುತ್ತದೆ. ಎಲ್ಲರೂ ಓಡಿ ಬಂದು ಕೊಡೆಯ ಕೆಳಗೆ ನುಗ್ಗುತ್ತಾರೆ. ಆನೆಗೆ ಮಾತ್ರ ಜಾಗವಿಲ್ಲ. ಆನೆ ಸೊಂಡಿಲಿನಿಂದ ಕೊಡೆಯನ್ನು ಎತ್ತಿ ಹಿಡಿಯುತ್ತದೆ. ಅದರ ಹೊಟ್ಟೆಯ ಕೆಳಗೆ ಎಲ್ಲರೂ ನಿಲ್ಲುತ್ತಾರೆ.

ಮೂರನೇ ಹಂತ: ನಿಮ್ಮ ತಯಾರಿ

ಹಿಂದಿನ ದಿನ ಗಟ್ಟಿಯಾಗಿ ಎರಡು ಮೂರು ಸಲ ಓದಿ. ಎಲ್ಲಿ ನಿಲ್ಲಬೇಕು, ಎಲ್ಲಿ ಪಿಸುಗುಟ್ಟಬೇಕು ಎಂದು ಗುರುತು ಮಾಡಿಕೊಳ್ಳಿ. ಮಕ್ಕಳಿಗೆ ಹೊಸದಾಗಬಹುದಾದ ಮೂರೇ ಮೂರು ಪದ ಆರಿಸಿ. ನಮ್ಮ ಕಥೆಯಲ್ಲಿ ಮೋಡ ಕವಿಯುವುದು, ನುಗ್ಗುವುದು, ಸೊಂಡಿಲು. ಒಂದೆರಡು ಪ್ರಶ್ನೆ ಬರೆದಿಟ್ಟುಕೊಳ್ಳಿ. ನಟನೆ ಬರಬೇಕು, ದನಿ ಬದಲಾಯಿಸಬೇಕು ಎಂದು ಹೆದರಬೇಡಿ. ನಿಧಾನವಾಗಿ, ಮಕ್ಕಳ ಮುಖ ನೋಡುತ್ತಾ ಓದಿದರೆ ಸಾಕು.

ನಾಲ್ಕನೇ ಹಂತ: ಅರ್ಧ ಗಂಟೆ ನಡೆಸುವುದು

ಶುರುವಿಗೆ ಪ್ರತಿ ವಾರ ಒಂದೇ ಹಾಡು. ಹಾಡು ಕೇಳಿದ ಕೂಡಲೇ ಮಕ್ಕಳು ಬಂದು ಕೂರುತ್ತಾರೆ, ‘ಸುಮ್ನಿರಿ, ಸುಮ್ನಿರಿ’ ಎಂದು ಕೂಗುವ ಕೆಲಸವೇ ಇರುವುದಿಲ್ಲ. ಅಜ್ಜಿಯರ ಬಾಯಲ್ಲಿರುವ ಶಿಶುಪ್ರಾಸ ಯಾವುದಾದರೂ ಆದೀತು. ಇಲ್ಲವಾದರೆ ಹೀಗೆ ಕಟ್ಟಿಕೊಳ್ಳಿ:

ಬನ್ನಿ ಬನ್ನಿ ಕೂರೋಣ
ಚಾಪೆ ಮೇಲೆ ಸೇರೋಣ
ಕಥೆಯ ಡಬ್ಬಿ ತೆಗೆಯೋಣ
ಒಳಗೇನಿದೆ ನೋಡೋಣ!

ಆಮೇಲೆ ಮುಖಪುಟ ತೋರಿಸಿ. ‘ಏನು ಕಾಣ್ತಿದೆ? ಈ ಮಂಗ ಏನು ಮಾಡ್ತಿರಬಹುದು?’ ಒಂದೆರಡು ಉತ್ತರ ಕೇಳಿ. ಹೆಸರಿನ ಕೆಳಗೆ ಬೆರಳಾಡಿಸುತ್ತಾ ಓದಿ. ಬೆರಳು ಎಡದಿಂದ ಬಲಕ್ಕೆ ಹೋಗುವುದನ್ನು ಮಕ್ಕಳು ನೋಡಲಿ. ಇಷ್ಟೇ ಸಾಕು, ಅಕ್ಷರದ ಪಾಠ ಮಾಡಬೇಡಿ.

ಮೊದಲ ಸಲ ಕಥೆಯನ್ನು ಜಾಸ್ತಿ ನಿಲ್ಲಿಸದೆ ಓದಿ. ಪ್ರತಿ ಪುಟಕ್ಕೂ ಪ್ರಶ್ನೆ ಕೇಳಿದರೆ ಕಥೆಯ ಎಳೆ ಕಡಿಯುತ್ತದೆ. ‘ಈ ಕೊಡೆ ನಿಂದಾ?’ ಎಂದು ಮಂಗ ಕೇಳಿದಾಗ ಮಾತ್ರ ನಿಂತು ಅವರ ಕಡೆ ನೋಡಿ. ‘ನಂದಲ್ಲಪ್ಪಾ ನಂದಲ್ಲ!’ ಎಂದು ಇಡೀ ಕೋಣೆ ಕೂಗುತ್ತದೆ. ಹೊಸ ಪದ ಬಂದಾಗ ಅರ್ಥ ವಿವರಿಸುತ್ತಾ ಕೂರಬೇಡಿ, ಮಾಡಿ ತೋರಿಸಿ. ಇಬ್ಬರು ಮಕ್ಕಳನ್ನು ಎಬ್ಬಿಸಿ ಒಂದು ಬಟ್ಟೆಯ ಕೆಳಗೆ ನುಗ್ಗಲು ಹೇಳಿದರೆ ‘ನುಗ್ಗು’ ಅನ್ನುವುದನ್ನು ಅವರು ಮರೆಯುವುದಿಲ್ಲ.

ಓದಿ ಮುಗಿದ ಮೇಲೆ ಮಾತು. ಕಥೆ ಸಮಯದ ಮುಖ್ಯ ಭಾಗ ಇದು, ಇಲ್ಲಿ ಅವಸರ ಬೇಡ. ‘ಕೊಡೆಯ ಬಣ್ಣ ಯಾವುದು?’ ಎಂದು ಕೇಳಿದರೆ ‘ಕೆಂಪು’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ‘ಆನೆಗೆ ಜಾಗ ಇಲ್ಲದಾಗ ಅದಕ್ಕೆ ಹೇಗನ್ನಿಸಿರಬಹುದು?’, ‘ನೀನಾಗಿದ್ದರೆ ಏನು ಮಾಡ್ತಿದ್ದೆ?’, ‘ನಿಮ್ಮ ಮನೇಲಿ ಮಳೆ ಬಂದರೆ ಏನಾಗತ್ತೆ?’ ಇಂಥ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೂರು ವರ್ಷದ ಮಗುವಿಗೆ ಮಾತು ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ಮಗು ಹೇಳಿದ್ದಕ್ಕೆ ಸ್ವಲ್ಪ ಸೇರಿಸಿ ವಾಪಸ್ ಕೊಡಿ. ಮಗು ‘ಸೋರತ್ತೆ’ ಅಂದರೆ ನೀವು ‘ಹೌದಾ, ಮನೆ ಸೋರತ್ತಾ? ಸೋರಿದರೆ ಅಮ್ಮ ಎಲ್ಲಿ ಪಾತ್ರೆ ಇಡ್ತಾರೆ?’ ಅನ್ನಿ. ಒಂದು ಪದ ಒಂದು ವಾಕ್ಯವಾಯಿತು, ಮುಂದಿನ ಮಾತಿಗೆ ದಾರಿಯೂ ಆಯಿತು. ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿದರು. ಚಿತ್ರಪುಸ್ತಕ ಓದುವಾಗ ಹೀಗೆ ಕೇಳುವುದನ್ನು, ಮಾತು ಬೆಳೆಸುವುದನ್ನು ಕೆಲವು ತಂದೆ ತಾಯಿಗೆ ಹೇಳಿಕೊಟ್ಟರು. ಬೇರೆಯವರು ತಮ್ಮ ಪಾಡಿಗೆ ತಾವು ಓದಿದರು. ಒಂದೇ ತಿಂಗಳಲ್ಲಿ ಮೊದಲ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಎರಡೂ ಗುಂಪಿನಲ್ಲಿ ಓದು ನಡೆದೇ ಇತ್ತು ಅನ್ನುವುದನ್ನು ಗಮನಿಸಿ. ವ್ಯತ್ಯಾಸ ಮಾಡಿದ್ದು ಮಗುವಿಗೆ ಮಾತಾಡಲು ಸಿಕ್ಕ ಜಾಗ.

ಆಮೇಲೆ ಐದು ನಿಮಿಷ ಸದ್ದಿನ ಆಟ. ಪದ ಹೇಳುತ್ತಾ ಚಪ್ಪಾಳೆ ತಟ್ಟುವುದು: ಕೊ-ಡೆ, ಎರಡು. ಕೆಂ-ಪು, ಎರಡು. ಇ-ರು-ವೆ, ಮೂರು. ಮಕ್ಕಳ ಹೆಸರುಗಳಿಗೂ ತಟ್ಟಿ, ಅದು ಅವರಿಗೆ ತುಂಬಾ ಇಷ್ಟ. ಇನ್ನೊಂದು ವಾರ ಕೊನೆಯ ಸದ್ದು ಹೊಂದಿಸುವ ಆಟ: ಕೊಡೆ, ವಡೆ, ನಡೆ. ಮಗು ‘ಟಡೆ’ ಎಂದು ಇಲ್ಲದ ಪದ ಹೇಳಿದರೂ ಸರಿ, ಕಿವಿ ಕೆಲಸ ಮಾಡಿದೆ. ಮತ್ತೊಂದು ವಾರ ಮೊದಲ ಸದ್ದು: ಮಂಗ, ಮಳೆ, ಮರ. ‘ಇನ್ಯಾವುದು ಮ ಇಂದ ಶುರುವಾಗತ್ತೆ?’ ಈ ಆಟಗಳಲ್ಲಿ ಅಕ್ಷರ ತೋರಿಸಬೇಕಾಗಿಲ್ಲ.

ಕೊನೆಗೆ ಚಿತ್ರ. ಹಾಳೆ, ಬಣ್ಣದ ಕಡ್ಡಿ ಕೊಟ್ಟು ‘ಕಥೇಲಿ ನಿಂಗೆ ಇಷ್ಟವಾದದ್ದು ಬರಿ’ ಅನ್ನಿ. ಗೀಚಿದರೂ ಪರವಾಗಿಲ್ಲ. ‘ಇದೇನು?’ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮುಂದೆಯೇ ಕೆಳಗೆ ಬರೆದು, ಬೆರಳಿಟ್ಟು ಓದಿ. ತಾನು ಆಡಿದ ಮಾತು ಬರಹವಾಗುತ್ತದೆ, ಬರಹ ಮತ್ತೆ ಮಾತಾಗುತ್ತದೆ ಎಂದು ಮಗುವಿಗೆ ತಿಳಿಯುವುದು ಇಲ್ಲೇ. ಆ ಚಿತ್ರಗಳನ್ನು ಗ್ರಂಥಾಲಯದ ಗೋಡೆಗೆ ಹಚ್ಚಿ.

ಐದನೇ ಹಂತ: ಅದೇ ಪುಸ್ತಕ, ಮತ್ತೆ

ಪ್ರತಿ ವಾರ ಹೊಸ ಕಥೆ ಬೇಕು ಎಂದು ದೊಡ್ಡವರಿಗೆ ಅನಿಸುತ್ತದೆ. ಮಕ್ಕಳು ‘ಅದನ್ನೇ ಹೇಳಿ’ ಅನ್ನುತ್ತಾರೆ, ಮಕ್ಕಳೇ ಸರಿ. ಒಂದು ಪುಸ್ತಕವನ್ನು ಮೂರು ವಾರ ಓದಿ. ಮೊದಲ ವಾರ ಕಥೆಯ ಖುಷಿ. ಎರಡನೇ ವಾರ ಅಲ್ಲಲ್ಲಿ ನಿಲ್ಲಿಸಿ, ಮುಂದಿನದನ್ನು ಅವರೇ ಹೇಳಲಿ. ಮೂರನೇ ವಾರ ಪುಸ್ತಕ ಅವರ ಕೈಗೆ ಕೊಡಿ. ಒಬ್ಬರು ಹಾಳೆ ತಿರುಗಿಸುತ್ತಾ ಕಥೆ ಹೇಳಲಿ, ಉಳಿದವರು ಕೋಳಿ, ಮೊಲ, ಹಸು, ಆನೆ ಆಗಲಿ. ನಿಜವಾದ ಕೊಡೆಯನ್ನೇ ತನ್ನಿ.

ಮನೆಮಾತು ಬೇರೆಯಾದರೆ

ನಮ್ಮ ಊರುಗಳಲ್ಲಿ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ಉರ್ದು, ತುಳು, ಲಂಬಾಣಿ, ತೆಲುಗು, ಕೊಂಕಣಿ ಆಡುವ ಮನೆಗಳ ಮಕ್ಕಳೂ ಅದೇ ಚಾಪೆಯ ಮೇಲೆ ಕೂರುತ್ತಾರೆ. ಅವರು ಸುಮ್ಮನಿದ್ದರೆ ದಡ್ಡರು ಎಂದು ಯಾರೂ ತಿಳಿಯಬಾರದು. ‘ನಿಮ್ಮ ಮನೇಲಿ ಇದಕ್ಕೆ ಏನಂತಾರೆ?’ ಎಂದು ಕೇಳಿ. ಒಬ್ಬರು ಛತ್ರಿ ಅನ್ನುತ್ತಾರೆ, ಇನ್ನೊಬ್ಬರು ಗೊಡುಗು ಅನ್ನುತ್ತಾರೆ. ಎಲ್ಲವನ್ನೂ ಎಲ್ಲರೂ ಹೇಳಲಿ. ಮಗು ಕಥೆಯ ಬಗ್ಗೆ ತನ್ನ ಭಾಷೆಯಲ್ಲೇ ಉತ್ತರ ಹೇಳಿದರೆ ತಡೆಯಬೇಡಿ. ಯೋಚನೆ ಬಂದಿದೆ, ಕನ್ನಡ ಅದರ ಹಿಂದೆಯೇ ಬರುತ್ತದೆ. ಆ ಮನೆಯ ಅಮ್ಮನೋ ಅಜ್ಜಿಯೋ ಬಂದು ತಮ್ಮ ಭಾಷೆಯಲ್ಲಿ ಒಂದು ಕಥೆ ಹೇಳಿದರೆ ಇನ್ನೂ ಒಳ್ಳೆಯದು.

ಕನ್ನಡದೊಳಗೂ ಇದೇ ಮಾತು. ಕಲಬುರಗಿಯ ಮಗುವಿನ ಮಾತು, ಮಂಡ್ಯದ ಮಗುವಿನ ಮಾತು, ಕುಂದಾಪುರದ ಮಗುವಿನ ಮಾತು ಪುಸ್ತಕದ ಮಾತಿನ ಹಾಗಿಲ್ಲ. ಪುಸ್ತಕದಲ್ಲಿರುವುದನ್ನು ಇದ್ದ ಹಾಗೇ ಓದಿ, ಆ ಭಾಷೆಯೂ ಮಕ್ಕಳ ಕಿವಿಗೆ ಬೀಳಬೇಕು. ಮಾತಾಡುವಾಗ ಊರಿನ ಮಾತು ಆಡಿ. ‘ಹಂಗಲ್ಲ, ಹಾಗೆ ಅನ್ನು’ ಎಂದು ತಿದ್ದಿದರೆ ಮಗು ಮುಂದಿನ ವಾರ ಬಾಯಿಯೇ ಬಿಡುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ತಿರುಗಿ ನಿಂತಿದೆ. ಅಲ್ಲಿ ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಟಾಣಿಗಳ ಕಥೆ ಸಮಯ ಹಳೆಯ ವಾಡಿಕೆ. ಅಲ್ಲಿನ ಗ್ರಂಥಾಲಯ ಸಂಘದವರು ಶಾಲೆಗೂ ಮುಂಚಿನ ಓದಿನ ತಯಾರಿಗಾಗಿ 2004ರಲ್ಲಿ ಕಾರ್ಯಕ್ರಮವೊಂದನ್ನು ಹೊರತಂದರು. 2011ರ ಎರಡನೇ ಆವೃತ್ತಿಯಲ್ಲಿ ಅವರು ತಂದೆ ತಾಯಿಗೆ ಹೇಳಿದ್ದು ಐದೇ ಕೆಲಸ: ಮಾತು, ಹಾಡು, ಓದು, ಬರಹ, ಆಟ. ಐದನ್ನೂ ಮನೆಮಾತಿನಲ್ಲೇ ಮಾಡಬಹುದು. ನಾಲ್ಕೈದು ಕನ್ನಡ ಕುಟುಂಬಗಳಿದ್ದರೆ ಹತ್ತಿರದ ಗ್ರಂಥಾಲಯದಲ್ಲಿ ಕನ್ನಡ ಕಥೆ ಸಮಯಕ್ಕೆ ಜಾಗ ಕೇಳಿ ನೋಡಿ.

ಮನೆಯವರನ್ನು ಸೇರಿಸಿಕೊಳ್ಳುವುದು

ಕರೆದುಕೊಂಡು ಬಂದವರನ್ನು ಹೊರಗೆ ನಿಲ್ಲಿಸಬೇಡಿ. ಅವರೂ ಚಾಪೆಯ ಮೇಲೆ ಕೂರಲಿ, ನೀವು ಹೇಗೆ ಕೇಳುತ್ತೀರಿ, ಹೇಗೆ ಕಾಯುತ್ತೀರಿ ಎಂದು ನೋಡಲಿ. ‘ನಮಗೆ ಓದಕ್ಕೆ ಬರಲ್ಲ’ ಎಂದು ಅಜ್ಜಿಯೊಬ್ಬರು ಹಿಂಜರಿದರೆ, ‘ಚಿತ್ರ ನೋಡಿ ಮಾತಾಡಿಸಿ ಸಾಕು ಅಜ್ಜಿ’ ಅನ್ನಿ. ಮಗು ಮಾತಾಡುವುದು ಮುಖ್ಯ ಅಂದ ಮೇಲೆ ಅಕ್ಷರ ಬಾರದವರೂ ಈ ಕೆಲಸ ಪೂರ್ತಿ ಮಾಡಬಲ್ಲರು.

ಮನೆಗೆ ಪುಸ್ತಕ ಕೊಟ್ಟು ಕಳಿಸಿ. ಅಕ್ಕನೋ ಅಣ್ಣನೋ ಸದಸ್ಯರಾಗಿದ್ದರೆ ಅವರ ಹೆಸರಿನಲ್ಲಿ ಕೊಡಬಹುದು. ‘ಊಟ ಆದ ಮೇಲೆ ತಮ್ಮನಿಗೆ ಓದಿ ಹೇಳು’ ಎಂದು ನಾಲ್ಕನೇ ಕ್ಲಾಸಿನ ಅಕ್ಕನಿಗೆ ಹೇಳಿದರೆ ಅವಳ ಓದೂ ಸುಧಾರಿಸುತ್ತದೆ.

ಎದುರಾಗುವ ತೊಂದರೆಗಳು

ಓಡಾಡುವ ಮಗುವನ್ನು ಹಿಡಿದು ಕೂರಿಸಬೇಡಿ, ಓಡಾಡುತ್ತಲೇ ಅದು ಕೇಳುತ್ತಿರುತ್ತದೆ. ಹಾಳೆ ತಿರುಗಿಸುವ ಕೆಲಸ ಕೊಟ್ಟರೆ ಹತ್ತಿರ ಬರುತ್ತದೆ. ಮಾತೇ ಆಡದ ಮಗುವಿಗೆ ಎಲ್ಲರ ಮುಂದೆ ಪ್ರಶ್ನೆ ಹಾಕಬೇಡಿ, ಚಿತ್ರ ಬರೆಯುವಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿಸಿ. ಒಬ್ಬನೇ ಎಲ್ಲ ಉತ್ತರ ಹೇಳುತ್ತಿದ್ದರೆ ಒಂದು ಚೆಂಡು ತನ್ನಿ, ಚೆಂಡು ಯಾರ ಕೈಯಲ್ಲಿದೆಯೋ ಅವರ ಸರದಿ. ದೊಡ್ಡ ಮಕ್ಕಳು ಮುಂದೆ ಬಂದು ಕೂತರೆ ಅವರನ್ನೇ ಸಹಾಯಕರನ್ನಾಗಿ ಮಾಡಿಕೊಳ್ಳಿ. ಯಾವುದೋ ವಾರ ಮಳೆಗೆ ಇಬ್ಬರೇ ಬಂದರೂ ನಡೆಸಿ. ‘ಇವತ್ತು ಇಲ್ಲ’ ಎಂದು ವಾಪಸ್ ಕಳಿಸಿದರೆ ಮುಂದಿನ ವಾರ ಆ ಇಬ್ಬರೂ ಬರುವುದು ಅನುಮಾನ.

ಬೆಳವಣಿಗೆ ಬರೆದಿಡುವುದು

ಪರೀಕ್ಷೆ, ಅಂಕ ಯಾವುದೂ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಒಂದು ಪುಟ ಇಡಿ. ಮಕ್ಕಳು ಹೋದ ಮೇಲೆ ಹತ್ತು ನಿಮಿಷ ಕೂತು ಇಬ್ಬರು ಮೂವರ ಬಗ್ಗೆ ಒಂದೊಂದು ಸಾಲು ಬರೆಯಿರಿ. ಇವತ್ತು ಮೊದಲ ಸಲ ತಾನಾಗಿ ಮಾತಾಡಿದಳು. ಪುಸ್ತಕ ಸರಿಯಾಗಿ ಹಿಡಿದ. ತನ್ನ ಹೆಸರಿಗೆ ಸರಿಯಾಗಿ ಚಪ್ಪಾಳೆ ತಟ್ಟಿದ. ಕೋಳಿ, ಮೊಲ, ಹಸು, ಆನೆ ಕ್ರಮ ತಪ್ಪದೆ ಕಥೆ ಹೇಳಿದಳು. ಎಷ್ಟೋ ವಾರ ಕಳೆದರೂ ಒಂದು ಪುಟ ಖಾಲಿ ಇದ್ದರೆ ಆ ಮಗುವಿನ ಪಕ್ಕ ನೀವು ಕೂತೇ ಇಲ್ಲ ಎಂದು ಗೊತ್ತಾಗುತ್ತದೆ, ಮುಂದಿನ ವಾರ ಅಲ್ಲಿಂದ ಶುರು ಮಾಡಿ. ಕರೆದಾಗ ತಿರುಗದ, ಸದ್ದಿನ ಆಟದಲ್ಲಿ ಏನೂ ಕೇಳಿಸದಂತೆ ಇರುವ ಮಗು ಕಂಡರೆ ಅಂಗನವಾಡಿ ಟೀಚರ್‌ಗೆ ಅಥವಾ ಆಶಾ ಕಾರ್ಯಕರ್ತೆಗೆ ತಡಮಾಡದೆ ಹೇಳಿ, ಕಿವಿ ತೋರಿಸಲಿ. ಒಂದನೇ ತರಗತಿಗೆ ಸೇರುವ ಮಕ್ಕಳ ಪುಟಗಳನ್ನು ಶಾಲೆ ಶುರುವಾಗುವ ಮೊದಲೇ ನಲಿ-ಕಲಿ ಟೀಚರ್ ಹತ್ತಿರ ಕೂತು ಓದಿ ಹೇಳಿ. ಯಾವ ಮಗುವಿಗೆ ಯಾವ ಕಥೆ ಇಷ್ಟ ಎಂದು ಅವರಿಗೆ ಮೊದಲ ದಿನವೇ ಗೊತ್ತಿರುತ್ತದೆ.